ತೀರಿಕೊಂಡವರ ಮನೆಯನ್ನು ಮಾರುವ ಅಧಿಕಾರ ಯಾರಿಗೆ?



ಬೀಜ, ಗೊಬ್ಬರ, ಬಾವಿ ಇವುಗಳ ಮಾತನ್ನು ಇಂದು ಬದಿಗಿಟ್ಟು ಮನೆಯ ಮಾತನ್ನು ಆಡೋಣ. ಯಜಮಾನ ತೀರಿಕೊಂಡಿದ್ದಾನೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಊರು ಸೇರಿದ್ದಾರೆ. ಹೆಂಚು ಒಡೆದು ಮಳೆಯ ನೀರು ಗೋಡೆಗೆ ಇಳಿಯುತ್ತಿದೆ. ಕೊಳ್ಳುವವನೂ ಒಬ್ಬ ಬಂದಿದ್ದಾನೆ. ಹಿರಿಯ ಮಗ ಯಾರನ್ನೂ ಕೇಳದೆ ಮುಂಗಡ ತೆಗೆದುಕೊಳ್ಳುತ್ತಾನೆ. ತೊಡಕು ಹುಟ್ಟುವುದು ಅಲ್ಲಿಯೇ. ಹಿರಿಯನಾದ ಮಾತ್ರಕ್ಕೆ ಮನೆಯೆಲ್ಲ ಅವನದಾಗುವುದಿಲ್ಲ. ಅವನು ಒಬ್ಬನೇ ಬರೆದುಕೊಟ್ಟ ಕ್ರಯಪತ್ರ ಅವನ ಪಾಲಿನ ಮಟ್ಟಿಗೆ ಮಾತ್ರ ನಡೆಯುತ್ತದೆ.

ಹಾಗಾದರೆ ಯಾರ ಯಾರ ಸಹಿ ಬೇಕು? ಹಿಂದೂ ರೈತನೊಬ್ಬ ತಾನೇ ಸಂಪಾದಿಸಿ ಕಟ್ಟಿದ ಮನೆಯನ್ನು ಬಿಟ್ಟು, ಮರಣಶಾಸನ ಬರೆಯದೆ ತೀರಿಕೊಂಡನೆಂದು ಇಟ್ಟುಕೊಳ್ಳಿ. ಅವನಿಗೆ ತಾಯಿ ಇದ್ದಾಳೆ, ಹೆಂಡತಿ ಇದ್ದಾಳೆ, ಒಬ್ಬ ಮಗ, ಮದುವೆಯಾದ ಒಬ್ಬ ಮಗಳು ಇದ್ದಾರೆ. ಇನ್ನೊಬ್ಬ ಮಗ ತಂದೆಗಿಂತ ಮೊದಲೇ ಹೋದನು. ಅವನ ಹೆಂಡತಿಯೂ ಒಂಬತ್ತು ವರ್ಷದ ಒಂದು ಮಗುವೂ ಉಳಿದಿದ್ದಾರೆ. 1956ನೆಯ ಇಸವಿಯ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಈ ಮನೆ ಐದು ಸಮಪಾಲಾಗುತ್ತದೆ: ತಾಯಿಗೆ ಒಂದು, ಹೆಂಡತಿಗೆ ಒಂದು, ಮಗನಿಗೆ ಒಂದು, ಮಗಳಿಗೆ ಒಂದು, ಸತ್ತ ಮಗನ ಕವಲಿಗೆ ಒಂದು. ಆ ಕೊನೆಯ ಪಾಲನ್ನು ಸೊಸೆಯೂ ಮಗುವೂ ಅರ್ಧರ್ಧ ಹಂಚಿಕೊಳ್ಳಬೇಕು. ಮನೆ 5 ಲಕ್ಷ ರೂಪಾಯಿಗೆ ಹೋದರೆ ಮಗುವಿನ ಪಾಲು 50 ಸಾವಿರ. ಮುದುಕಿ ತಾಯಿಯ ಪಾಲು 1 ಲಕ್ಷ. ನಮ್ಮಲ್ಲಿ ಲೆಕ್ಕದಿಂದ ಬಿಟ್ಟುಹೋಗುವವರು ಈ ಇಬ್ಬರೇ, ಜೊತೆಗೆ ಹೆಣ್ಣುಮಕ್ಕಳು.

ಹೆಣ್ಣುಮಕ್ಕಳ ಮಾತನ್ನು ಬಿಡಿಸಿ ಹೇಳಬೇಕು. “ಗಂಡಸರು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ” ಎಂದು ಹಿರಿಯರು ಈಗಲೂ ಹೇಳುವುದುಂಟು. ಹಾಗೊಂದು ನಿಯಮ 1956ರ ಕಾನೂನಿನಲ್ಲಿ ಇದ್ದದ್ದು ನಿಜ. ಆದರೆ 2005ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಬಂದ ಹಕ್ಕುಂಟೆಂದು ಅದೇ ತಿದ್ದುಪಡಿ ಹೇಳಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಬಂಧನೆ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿದೆ. ಮದುವೆಯಲ್ಲಿ ಒಡವೆ ಕೊಟ್ಟೆವು, ಇನ್ನೇನು ಎಂಬ ವಾದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ. ತಂಗಿ ಸಂತೋಷದಿಂದ ಬಿಟ್ಟುಕೊಡುವುದಾದರೆ ಬಿಟ್ಟುಕೊಡಲಿ. ಆದರೆ ಅದು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದ ಮೂಲಕ ಆಗಬೇಕು. ಅರಿಶಿನ ಕುಂಕುಮ ಕೊಟ್ಟು ಬಾಯಿಮಾತಿನಲ್ಲಿ ಒಪ್ಪಿಸಿದ್ದು ಲೆಕ್ಕಕ್ಕೆ ಬಾರದು.

ಮುಸಲ್ಮಾನ ಬಾಂಧವರಲ್ಲಿ ಪಾಲಿನ ಲೆಕ್ಕ ಅವರ ಧರ್ಮಶಾಸ್ತ್ರದಂತೆಯೂ, ಕ್ರೈಸ್ತರಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾನೂನಿನಂತೆಯೂ ನಡೆಯುತ್ತದೆ. ಎಲ್ಲ ವಾರಸುದಾರರೂ ಸಹಿ ಮಾಡಬೇಕೆಂಬ ಮಾತು ಮಾತ್ರ ಎಲ್ಲರಿಗೂ ಒಂದೇ.

ಇನ್ನು ಕಾಗದಪತ್ರ. ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ಬರೆಸಿಬಿಡಿ. ಒಂದು ವರ್ಷ ದಾಟಿತೆಂದರೆ ದಂಡಾಧಿಕಾರಿಗಳ ಆದೇಶವಿಲ್ಲದೆ ಬರೆದುಕೊಳ್ಳುವುದಿಲ್ಲ. ಅದಕ್ಕೆ ಅಲೆಯುವ ಕಷ್ಟ ಬೇಡ. ಆಮೇಲೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ವಂಶವೃಕ್ಷ ಪಡೆಯಬೇಕು. ಗ್ರಾಮ ಆಡಳಿತಾಧಿಕಾರಿಯವರು, ಅಂದರೆ ನಾವು ಹಿಂದೆ ಗ್ರಾಮಲೆಕ್ಕಿಗರೆಂದು ಕರೆಯುತ್ತಿದ್ದವರು, ವಿಚಾರಣೆ ಮಾಡುತ್ತಾರೆ. ಇದರಲ್ಲಿ ಒಬ್ಬರ ಹೆಸರನ್ನೂ ಮುಚ್ಚಿಡಬೇಡಿ. ಸುಳ್ಳು ಪ್ರಮಾಣಪತ್ರ ಅಪರಾಧವೆಂಬುದು ಒಂದು. ಬಿಟ್ಟುಹೋದ ಮಗಳು ನಾಳೆ ದಾವೆ ಹಾಕಿದರೆ ಕೊಂಡವನೂ ನಿಮ್ಮ ಬೆನ್ನು ಹತ್ತುತ್ತಾನೆಂಬುದು ಇನ್ನೊಂದು.

ಇವೆರಡನ್ನೂ ಹಿಡಿದು ಪಂಚಾಯಿತಿಗೆ ಹೋಗಿ ಖಾತೆಯನ್ನು ವಾರಸುದಾರರೆಲ್ಲರ ಹೆಸರಿಗೆ ಬದಲಾಯಿಸಿಕೊಳ್ಳಿ. ಈಗ ಖಾತೆ ಇ-ಸ್ವತ್ತು ಎಂಬ ಗಣಕಯಂತ್ರದ ವ್ಯವಸ್ಥೆಯಲ್ಲಿದೆ. ಬಾಕಿ ಕಂದಾಯ ತೀರಿಸಿ, ಋಣಭಾರ ಪತ್ರವನ್ನೂ ತೆಗೆಸಿ. ತಂದೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಮನೆಯನ್ನು ಆಧಾರ ಮಾಡಿದ್ದರೆ ಆಗ ತಿಳಿಯುತ್ತದೆ. ಒಂದು ಎಚ್ಚರ: ಖಾತೆ ಎಂಬುದು ಕಂದಾಯದ ಲೆಕ್ಕವೇ ಹೊರತು ಹಕ್ಕಲ್ಲ. ಒಬ್ಬನ ಹೆಸರಿಗೆ ಖಾತೆಯಾಯಿತೆಂದು ಉಳಿದವರ ಪಾಲು ಕರಗಿಹೋಗುವುದಿಲ್ಲ.

ಸಕ್ಸೆಷನ್ ಸರ್ಟಿಫಿಕೇಟು ತರಬೇಕೆಂದು ಯಾರಾದರೂ ಹೇಳಿ ನಿಮ್ಮನ್ನು ಕೋರ್ಟಿಗೆ ಓಡಿಸಿಯಾರು. ಅದು ಸತ್ತವರಿಗೆ ಬರಬೇಕಾದ ಸಾಲ, ಬ್ಯಾಂಕಿನ ಹಣ, ಷೇರು ಇಂಥವಕ್ಕೆ, ಮನೆಗೆ ಅಲ್ಲ. ತಂದೆ ಬದುಕಿದ್ದಾಗ ಬರೆದುಕೊಟ್ಟ ಜನರಲ್ ಪವರನ್ನು ತೋರಿಸಿ ಮಾರಲು ಹೊರಡುವವರೂ ಇದ್ದಾರೆ. ಕೊಟ್ಟವನ ಉಸಿರು ನಿಂತ ದಿನವೇ ಆ ಅಧಿಕಾರವೂ ಸಾಮಾನ್ಯವಾಗಿ ನಿಂತಿತು. ಮರಣಶಾಸನವಿದ್ದರೆ ದಾರಿ ಬೇರೆ: ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ನೋಂದಣಿ ಕಡ್ಡಾಯವಲ್ಲ, ತನ್ನ ಪಾಲಿಗೆ ಮೀರಿದ್ದನ್ನು ಬರೆಯಲು ಮಾತ್ರ ಯಾರಿಗೂ ಹಕ್ಕಿಲ್ಲ.

ಆ ಒಂಬತ್ತು ವರ್ಷದ ಮಗುವಿನ ಕಡೆಗೆ ಬರೋಣ. ಮಗುವಿನ ಪಾಲಿಗೆ ತಾಯಿ ಸಹಿ ಹಾಕಿದರೆ ಸಾಲದೇ ಎಂದು ಕೇಳುತ್ತೀರಿ. ಸಾಲದು. ಇಂಥ ಪಾಲನ್ನು ಮಾರಲು ಕೋರ್ಟಿನ ಅನುಮತಿಯನ್ನು ಮೊದಲೇ ಪಡೆಯಬೇಕು. 1956ರ ಇನ್ನೊಂದು ಕಾನೂನು, ಅಪ್ರಾಪ್ತರ ಪೋಷಕತ್ವಕ್ಕೆ ಸಂಬಂಧಿಸಿದ್ದು, ಹಾಗೆಂದು ವಿಧಿಸಿದೆ. ಮಾರಾಟ ಅಗತ್ಯವೇ, ಮಗುವಿಗೆ ಲಾಭವುಂಟೇ ಎಂದು ನ್ಯಾಯಾಧೀಶರು ನೋಡುತ್ತಾರೆ; ಮಗುವಿನ ಹಣವನ್ನು ಅದರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಿಸುವುದೂ ಉಂಟು. ಅನುಮತಿಯಿಲ್ಲದೆ ಮಾರಿದರೆ, ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದುಪಡಿಸಲು ಕೇಳಬಹುದು. ಕೊಳ್ಳುವವನು ಜಾಣನಾದರೆ ಅನುಮತಿಯ ಆದೇಶ ನೋಡದೆ ಹಣ ಬಿಚ್ಚುವುದಿಲ್ಲ. ಇದಕ್ಕೆ ತಿಂಗಳುಗಳೇ ಹಿಡಿದಾವು. ಆದ್ದರಿಂದ ಗಿರಾಕಿಯನ್ನು ಹುಡುಕುವ ಮೊದಲೇ ಅರ್ಜಿ ಹಾಕಿರಿ.

ಮುಂಬಯಿಯಲ್ಲಿರುವ ತಮ್ಮ ಬರಲಾರನೇ? ಅವನಿರುವ ಊರಿನ ನೋಂದಣಿ ಕಚೇರಿಯಲ್ಲಿ ಅಧಿಕಾರಪತ್ರ ಮಾಡಿಸಿ ಕಳುಹಿಸಲಿ. ಹೊರದೇಶದಲ್ಲಿದ್ದರೆ ಅಲ್ಲಿನ ಭಾರತದ ರಾಯಭಾರ ಕಚೇರಿಗೆ ಹೋಗಲಿ. ಮನೆ ಬಿಟ್ಟು ಹೋಗಿ ಏಳು ವರ್ಷ ಯಾವ ಸುದ್ದಿಯೂ ಇಲ್ಲದವನಾದರೆ, ಸತ್ತನೆಂದು ಭಾವಿಸಲು ಕಾನೂನಿನಲ್ಲಿ ಎಡೆಯುಂಟು. ಆದರೆ ಅದನ್ನು ಕೋರ್ಟು ಹೇಳಬೇಕು, ಊರು ಹೇಳಿದರಾಗದು.

ಒಬ್ಬರು ಒಪ್ಪದೆ ಹಟ ಹಿಡಿದರೆ ಉಳಿಯುವುದು ಪಾಲಿನ ದಾವೆ. ಎರಡು ಅಂಕಣದ ಮನೆಯನ್ನು ಐದು ತುಂಡು ಮಾಡಲಾಗದು. ಅಂಥಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಪಾಲಿನವರು ಕೇಳಿದರೆ ಮನೆಯನ್ನು ಮಾರಿಸಿ ಹಣ ಹಂಚಲು 1893ರ ಪಾಲು ಕಾನೂನು ಅವಕಾಶ ಕೊಡುತ್ತದೆ. ದಾವೆಗೆ ಮೊದಲು ಒಪ್ಪದವರಿಗೇ ಮನೆಯನ್ನು ಕೊಳ್ಳುವಿರಾ ಎಂದು ಕೇಳಿ ನೋಡಿ. ತಂದೆಯ ಮನೆ ಪರರ ಪಾಲಾಗುವುದೆಂಬ ಸಂಕಟದಿಂದಲೇ ಎಷ್ಟೋ ಜನ ಸಹಿ ಮಾಡದೆ ಕೂರುತ್ತಾರೆ. ಜೊತೆ ವಾರಸುದಾರರು ಮೊದಲು ಕೊಳ್ಳುವ ಹಕ್ಕನ್ನು ಕಾನೂನೂ ಮನ್ನಿಸಿದೆ.

ಸರ್ಕಾರ ಕೊಟ್ಟ ನಿವೇಶನದ ಮೇಲಿನ ಮನೆಯಾದರೆ ಹಕ್ಕುಪತ್ರದ ಷರತ್ತುಗಳನ್ನು ಓದಿಸಿಕೊಂಡೇ ಮುಂದೆ ಹೆಜ್ಜೆಯಿಡಿ. ಮಾರಬಾರದೆಂಬ ಅವಧಿ ಅದರಲ್ಲಿ ಇರಬಹುದು.

ವಕೀಲರಿಗೆ ಕೊಡಲು ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟಿದ್ದರೂ ಉಚಿತ ಕಾನೂನು ನೆರವುಂಟು. ಉಳಿದ ಬಡವರಿಗೂ ಉಂಟು. ತಾಲ್ಲೂಕು ಕೋರ್ಟಿನ ಕಟ್ಟಡದಲ್ಲಿಯೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ, ಇಲ್ಲವೇ 15100 ಎಂಬ ಸಂಖ್ಯೆಗೆ ಫೋನು ಮಾಡಿರಿ. ಹೋಗುವಾಗ ಮರಣ ಪ್ರಮಾಣಪತ್ರ, ಮನೆಯ ಹಳೆಯ ಕ್ರಯಪತ್ರ ಅಥವಾ ಹಕ್ಕುಪತ್ರ, ಕಂದಾಯದ ರಸೀದಿ, ವಾರಸುದಾರರೆಲ್ಲರ ಹೆಸರು ಮತ್ತು ವಯಸ್ಸು ಬರೆದ ಒಂದು ಚೀಟಿ, ಇಷ್ಟನ್ನು ಚೀಲದಲ್ಲಿ ಇಟ್ಟುಕೊಂಡಿರಿ.