ಹಿತ್ತಲಿನ ಗೊಬ್ಬರದ ಗುಂಡಿ

ಚನ್ನರಾಯನದುರ್ಗದ ಬೆಟ್ಟದ ಬುಡದಿಂದ ಮಧುಗಿರಿ, ಶಿರಾ, ಪಾವಗಡದ ಕಡೆಗೆ ಹೋದಷ್ಟೂ ಮಳೆ ಅಪರೂಪ, ಕೆಂಪು ನೆಲ ಬೇಗ ಆರುತ್ತದೆ. ಇಂಥ ಮಣ್ಣಿಗೆ ತೇವ ಹಿಡಿದಿಡುವ ಕಸುವು ಕೊಡುವುದು ಚೆನ್ನಾಗಿ ಕಳಿತ ಗೊಬ್ಬರ. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಸಲ್ಲಿಸಿದ ಹಿರಿಯರಿಗೆ ಇದು ತಿಳಿದಿತ್ತು.

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಗೊಬ್ಬರ ಮಾಡಲು ರೂಪಿಸಿದ ಕ್ರಮ ‘ಬೆಂಗಳೂರು ವಿಧಾನ’ ಎಂದೇ ಹೆಸರಾಯಿತು. ಗುಂಡಿಯಲ್ಲಿ ಕಸ, ಸಗಣಿ ಪದರ ಪದರವಾಗಿ ತುಂಬಿ ಮೇಲೆ ಕೆಸರು ಮೆತ್ತಿದರೆ ಆಯಿತು. ಮಗುಚುವ ಕೆಲಸವಿಲ್ಲ, ಮತ್ತೆ ಮತ್ತೆ ನೀರು ಹಾಕಬೇಕಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು, ನಿಜ. ಆದರೂ ನೀರಿಗೆ ಬಡತನವಿರುವ ನಮ್ಮ ಸೀಮೆಗೆ ಇದಕ್ಕಿಂತ ಒಗ್ಗುವ ದಾರಿ ನನಗೆ ಕಾಣದು.

ಹಿತ್ತಲಿಲ್ಲದವರು ತೂತು ಕೊರೆದ ಹಳೆಯ ಮಡಕೆಯಲ್ಲೇ ಶುರುಮಾಡಬಹುದು. ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣಗಿದ ಹೊಂಗೆ ಎಲೆ, ಕಡಲೆಕಾಯಿ ಸಿಪ್ಪೆ. ಕೆಟ್ಟ ವಾಸನೆ ಬಂದರೆ ಒಣ ಎಲೆ ಸೇರಿಸಿ ಕೈಯಾಡಿಸಿ. ತೀರಾ ಒಣಗಿದರೆ ಅಕ್ಕಿ ತೊಳೆದ ನೀರು ಚಿಮುಕಿಸಿ. ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನು ಮಾತ್ರ ದಯವಿಟ್ಟು ಬಿಡಿ. ಇವತ್ತು ಅಂಗಳ ಗುಡಿಸಿದಾಗ ಸಿಕ್ಕ ಎಲೆಯನ್ನೇ ಮೊದಲ ಪದರವಾಗಿ ಹಾಸಿ.