ಒಂದು ಸೂಜಿಯೋ, ಎಲ್ಲ ಸೂಜಿಯೋ?

ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು ಇಟ್ಟುಕೊಂಡವರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ದಾರ ಕಟ್ ಆಗುತ್ತಲೇ ಇದೆ, ಟೈಮಿಂಗ್ ಹೋಗಿದೆಯಾ? ದಾರ ಕಟ್ ಆಗುತ್ತಿರುವುದು ಕಣ್ಣಿಗೆ ಕಂಡದ್ದು, ಒಪ್ಪೋಣ. ಟೈಮಿಂಗ್, ಅಂದರೆ ಸೂಜಿಗೂ ಕೆಳಗಿನ ಹುಕ್ಕಿಗೂ ಇರುವ ಹೊಂದಾಣಿಕೆ, ಹೋಗಿದೆ ಅನ್ನುವುದು ಮಾತ್ರ ಬರೀ ಊಹೆ. ಆ ಊಹೆಯನ್ನು ನಂಬಿ ಹುಕ್ಕಿನ ಸ್ಕ್ರೂ ಸಡಿಲಿಸಿದರೆ, ಅಲ್ಲಿಯವರೆಗೆ ನೆಟ್ಟಗಿದ್ದ ಟೈಮಿಂಗ್ ಆಗ ನಿಜವಾಗಿಯೂ ಕೆಡುತ್ತದೆ. ಮದುವೆ ಸೀಸನ್ನಿನಲ್ಲಿ, ಬ್ಲೌಸುಗಳು ರಾಶಿ ಬಿದ್ದಿರುವಾಗ, ಇಂಥ ರಿಪೇರಿಗಿಂತ ದುಬಾರಿಯಾದದ್ದು ಇನ್ನೊಂದಿಲ್ಲ. ಅದರಲ್ಲೂ ಹತ್ತು ಹನ್ನೆರಡು ಹೆಡ್ಡಿನ ಮಷೀನಾದರೆ ಒಂದು ಹೆಡ್ಡಿನಲ್ಲಿ ದಾರ ತುಂಡಾದರೂ ಉಳಿದವೆಲ್ಲ ಕೈಕಟ್ಟಿ ನಿಲ್ಲುತ್ತವೆ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದದ್ದು ಇಷ್ಟೇ: ದಾರ ಕಟ್ ಆಗುತ್ತಿರುವುದು ಒಂದೇ ಸೂಜಿಯಲ್ಲೋ, ಎಲ್ಲ ಸೂಜಿಗಳಲ್ಲೋ? ಒಂದು ಹೆಡ್ಡಿನಲ್ಲಿ ಹದಿನೈದು ಸೂಜಿ, ಹದಿನೈದು ಬಣ್ಣ, ಹದಿನೈದು ಟೆನ್ಷನ್ ನಾಬು. ಕೆಳಗೆ ಇರುವುದು ಒಂದೇ ಹುಕ್, ಒಂದೇ ಬಾಬಿನ್ ಕೇಸು. ಹುಕ್ಕಿನ ಟೈಮಿಂಗ್ ಕೆಟ್ಟಿದ್ದರೆ ಅದರ ಪೆಟ್ಟು ಹದಿನೈದಕ್ಕೂ ಬೀಳಬೇಕು. ಕೆಂಪು ದಾರ ಮಾತ್ರ ನಿಮಿಷಕ್ಕೊಮ್ಮೆ ತುಂಡಾಗಿ, ಪಕ್ಕದ ಹಸಿರು ಎರಡು ಗಂಟೆ ತಡೆಯಿಲ್ಲದೆ ಓಡುತ್ತಿದ್ದರೆ ಹುಕ್ಕಿನ ಮೇಲೆ ಅಪವಾದ ಹೊರಿಸುವುದು ಅನ್ಯಾಯ. ಆಗ ತೊಂದರೆ ಮೇಲೆಯೇ ಇದೆ: ಆ ಸೂಜಿಯಲ್ಲಿ, ಆ ದಾರದಲ್ಲಿ, ಅದು ಹಾದು ಬರುವ ದಾರಿಯಲ್ಲಿ. ಮತ್ತೆ ಹೇಳುತ್ತೇನೆ, ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದೇ ಸೂಜಿ ತಂಟೆ ಮಾಡಿದರೆ ಮೇಲೆ ಹುಡುಕಿ. ಎಲ್ಲ ಸೂಜಿಗಳೂ ತಂಟೆ ಮಾಡಿದರೆ ಕೆಳಗೆ ಹುಡುಕಿ. ಒಂದು ಅಪವಾದವೂ ಉಂಟು. ಪ್ರತಿ ಸೂಜಿಗೂ ಅದರದೇ ನೀಡಲ್ ಬಾರ್ ಇರುವುದರಿಂದ, ಆ ಒಂದು ಬಾರ್ ಬಗ್ಗಿದ್ದರೆ ಅಥವಾ ಅದರ ಎತ್ತರ ತಪ್ಪಿದ್ದರೆ ಆ ಸೂಜಿಯೊಂದೇ ಹುಕ್ಕಿಗೆ ಸರಿಯಾಗಿ ಸಿಗುವುದಿಲ್ಲ. ಆದರೆ ಅದಕ್ಕೂ ಮದ್ದು ಹುಕ್ ತಿರುಗಿಸುವುದಲ್ಲ. ತಿರುಗಿಸಿದರೆ ಉಳಿದ ಹದಿನಾಲ್ಕು ಹಾಳು.

ಸೂಜಿ ಬಟ್ಟೆಯ ಕೆಳಗೆ ಏನು ಮಾಡುತ್ತದೆಂದು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಿ. ಪೂರ್ತಿ ಕೆಳಗಿಳಿದ ಸೂಜಿ ಎರಡು ಮಿಲಿಮೀಟರಿನಷ್ಟು ಮೇಲೇಳುತ್ತದೆ. ಮುಂಭಾಗದ ದಾರ ಸೂಜಿಯ ಉದ್ದನೆಯ ಕಾಲುವೆಯಲ್ಲಿ ಅಡಗಿ ಕೂತಿರುತ್ತದೆ. ಹಿಂಭಾಗದ್ದು ಬಟ್ಟೆಯ ಹಿಡಿತಕ್ಕೆ ಸಿಕ್ಕಿ ಮೇಲೆ ಬರಲಾರದೆ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಸೂಜಿಯ ಬೆನ್ನಿನಲ್ಲಿ, ಕಣ್ಣಿನ ಮೇಲ್ಗಡೆ ಒಂದು ತಗ್ಗು ಕೆತ್ತಿರುತ್ತಾರಲ್ಲ, ಹುಕ್ಕಿನ ಮೊನೆ ಅಲ್ಲಿ ನುಸುಳಿ ಕುಣಿಕೆಯನ್ನು ಹಿಡಿಯುತ್ತದೆ. ಸೂಜಿಗೂ ಮೊನೆಗೂ ನಡುವಿನ ಸಂದು ಒಂದೆರಡು ಹಾಳೆ ಕಾಗದದ ದಪ್ಪ. ತಿರುಗುವ ಹುಕ್ಕಿಗೆ ಅಮೆರಿಕದ ಆಲನ್ ವಿಲ್ಸನ್ 1851ರಲ್ಲೇ ಪೇಟೆಂಟ್ ಪಡೆದಿದ್ದ. ಇವತ್ತಿನ ಮಷೀನಿಗೆ ಪರದೆ, ಪೆನ್‌ಡ್ರೈವ್ ಏನೆಲ್ಲ ಬಂದಿದ್ದರೂ ಬಟ್ಟೆಯ ಕೆಳಗಿನ ಕೆಲಸ ಮೂಲದಲ್ಲಿ ಅದೇ. ಇನ್ನು ಮೊನೆ ಹಿಡಿದ ಕುಣಿಕೆ ಇಡೀ ಬಾಬಿನ್ ಕೇಸನ್ನು ಬಳಸಿ ಬರಬೇಕು. ಅಷ್ಟು ದಾರ ಕೆಳಗಿಳಿಯುತ್ತದೆ, ಟೇಕಪ್ ಲಿವರ್ ಅದನ್ನು ಮತ್ತೆ ಮೇಲೆಳೆಯುತ್ತದೆ, ಹೊಲಿಗೆಗೆ ಖರ್ಚಾಗುವುದು ನಾಲ್ಕೈದು ಮಿಲಿಮೀಟರ್ ಮಾತ್ರ. ಅಂದರೆ ದಾರದ ಅದೇ ಜಾಗ ಬಟ್ಟೆಯಲ್ಲಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹೋಗಿ ಬರುತ್ತದೆ. ಕಣ್ಣಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಅದು ಗರಗಸದಂತೆ ಕೆಲಸ ಮಾಡುತ್ತದೆ. ತುಂಡಾದ ದಾರದ ತುದಿ ಜುಂಗು ಜುಂಗಾಗಿ ಎದ್ದಿದ್ದರೆ ಹೀಗೆ ಎಲ್ಲೋ ಉಜ್ಜಿಸಿಕೊಂಡಿದೆ ಎಂದು ಮೊದಲು ಅನುಮಾನಿಸಬೇಕು.

ಆದ್ದರಿಂದ ಮೊದಲು ಸೂಜಿ ಬದಲಿಸಿ. ಬದಲಿಸಿದೆವು, ಆದರೂ ಕಟ್ ಆಗುತ್ತಿದೆ ಎನ್ನುವವರು ಹೊಸ ಸೂಜಿ ಯಾವ ಮುಖವಾಗಿ ಕೂತಿದೆ ಎಂದು ನೋಡಲಿ. ಮನೆಯ ಮಷೀನಿನ ಸೂಜಿಯ ಬುಡ ಒಂದು ಬದಿ ಚಪ್ಪಟೆ, ತಪ್ಪಾಗಿ ಹಾಕುವುದು ಕಷ್ಟ. ಕಮರ್ಷಿಯಲ್ ಮಷೀನಿನದು ಪೂರ್ತಿ ದುಂಡು, ಹೇಗೆ ಬೇಕಾದರೂ ಕೂರುತ್ತದೆ. ತಗ್ಗು ಹುಕ್ಕಿನ ಕಡೆಗೆ ನೇರವಾಗಿಲ್ಲದಿದ್ದರೆ ಕುಣಿಕೆ ವಾಲುತ್ತದೆ, ಮೊನೆ ದಾರವನ್ನೇ ಸೀಳುತ್ತದೆ. ಸೂಜಿಯ ಕಣ್ಣಿಗೆ ಇನ್ನೊಂದು ತೆಳ್ಳನೆಯ ಸೂಜಿ ತೂರಿಸಿ ನೋಡಿ, ವಾರೆ ಇದ್ದರೆ ತಕ್ಷಣ ಕಾಣುತ್ತದೆ.

ಮೆಕ್ಯಾನಿಕ್ ಬಂದು ಟೈಮಿಂಗ್ ಕೂರಿಸಿದ ಮೇಲೆಯೇ ಮಷೀನು ಸರಿಹೋಯಿತಲ್ಲ ಎಂದು ಹಲವರು ವಾದಿಸುತ್ತಾರೆ. ನಿಜವಿರಬಹುದು. ಆದರೆ ಅವರು ಅದೇ ಹೊತ್ತಿನಲ್ಲಿ ಸೂಜಿ ಬದಲಿಸಿದರು, ಹುಕ್ಕಿನ ಸುತ್ತ ಸಿಕ್ಕಿದ್ದ ದಾರ ತೆಗೆದರು, ಎಣ್ಣೆ ಬಿಟ್ಟರು. ನಾಲ್ಕು ಕೆಲಸ ಒಟ್ಟಿಗೆ ಮಾಡಿ ಕೀರ್ತಿಯನ್ನೆಲ್ಲ ಒಂದಕ್ಕೆ ಕೊಟ್ಟರೆ ಏನು ತಿಳಿದಂತಾಯಿತು? ಟೈಮಿಂಗ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೂಜಿ ಫ್ರೇಮಿನ ಅಂಚಿಗೆ ಬಡಿದಾಗ, ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿ ಮಷೀನು ಜಾಮ್ ಆದಾಗ ಹುಕ್ ಶಾಫ್ಟಿನ ಮೇಲೆ ಸರಿಯಬಹುದು. ಅಂಥ ಪೆಟ್ಟೇನೂ ಬೀಳದೆ ರಾತ್ರಿ ಸರಿಯಿದ್ದ ಹುಕ್ ಬೆಳಿಗ್ಗೆ ಜಾರಿತು ಅನ್ನುವುದನ್ನು ಅಷ್ಟು ಸುಲಭವಾಗಿ ನಂಬಬೇಡಿ.

ದಾರವೇ ಕಳಪೆ ಎನ್ನುವವರೂ ಇದ್ದಾರೆ. ಹಳೆಯ, ಬಿಸಿಲಿಗೆ ಬಿದ್ದ ರೇಯಾನ್ ದಾರಕ್ಕೆ ಬಲ ಇರುವುದಿಲ್ಲ, ಸರಿ. ಅದನ್ನು ತಿಳಿಯಲು ಆ ದಾರದ ಕೋನನ್ನು ಚೆನ್ನಾಗಿ ಓಡುತ್ತಿರುವ ಸೂಜಿಗೆ ಹಾಕಿ. ಕಾಯಿಲೆ ಕೋನಿನ ಜೊತೆ ಹೋದರೆ ದಾರದ್ದು, ಹಳೆಯ ಜಾಗದಲ್ಲೇ ಉಳಿದರೆ ಸೂಜಿಯದೋ ದಾರಿಯದೋ.

ಎಲ್ಲ ಸೂಜಿಗಳೂ ಕೆಟ್ಟಾಗ ಬಾಬಿನ್ ಕೇಸಿನಿಂದ ಶುರುಮಾಡಿ. ಅದರ ಹೊರಮೈಯ ತೆಳು ತಗಡಿನ ಪಟ್ಟಿಯ ಕೆಳಗೆ ದಾರದ ಧೂಳು ಸೇರಿ ಪಟ್ಟಿ ಎದ್ದುಕೊಳ್ಳುತ್ತದೆ, ಬಾಬಿನ್ ದಾರ ಸಡಿಲವಾಗುತ್ತದೆ. ನಮ್ಮವರು ಸ್ಕ್ರೂ ಬಿಗಿಮಾಡುತ್ತಾರೆ. ಮಾರನೆಯ ದಿನ ಧೂಳು ತಾನೇ ಉದುರಿ ಈಗ ವಿಪರೀತ ಬಿಗಿ. ಅದಕ್ಕೆ ಸರಿದೂಗಿಸಲು ಮೇಲಿನ ಹದಿನೈದು ನಾಬನ್ನೂ ತಿರುಗಿಸುವುದು! ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಪಟ್ಟಿಯ ಕೆಳಗೆ ತೂರಿಸಿ ಎಳೆದರೆ ಮುಗಿಯುವ ಕೆಲಸ ಇದು. ಆಮೇಲೆ ದಾರದ ತುದಿ ಹಿಡಿದು ಕೇಸನ್ನು ತೂಗಬಿಡಿ. ಸುಮ್ಮನಿದ್ದಾಗ ಜಾರಬಾರದು, ಮಣಿಕಟ್ಟು ಸ್ವಲ್ಪ ಕುಲುಕಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಈಗ ಒಂದು ಸ್ಯಾಟಿನ್ ಪಟ್ಟಿ ಹೊಲಿದು ಬಟ್ಟೆ ಮಗುಚಿ: ನಡುವಿನ ಮೂರನೇ ಒಂದು ಭಾಗ ಬಾಬಿನ್ ದಾರದ ಬಿಳಿ, ಎರಡೂ ಅಂಚಿನಲ್ಲಿ ಮೇಲಿನ ದಾರದ ಬಣ್ಣ ಇರಬೇಕು. ಬಿಳಿ ಕಾಣಿಸದಿದ್ದರೆ ಮೇಲಿನ ದಾರ ಸಡಿಲ, ಬಿಳಿಯೇ ಹೆಚ್ಚಾದರೆ ಮೇಲಿನದು ಬಿಗಿ. ಬಾಬಿನ್ ಸರಿಯಿದೆ ಎಂದು ಗೊತ್ತಾಗಿರುವುದರಿಂದ ಇನ್ನು ಮುಟ್ಟಬೇಕಾದದ್ದು ಆ ಬಣ್ಣದ ನಾಬೊಂದೇ.

ಸಮಯ ಮುಗಿಯುತ್ತ ಬಂತು, ಎಣ್ಣೆಯ ವಿಷಯ ಉಳಿದಿದೆ. ನಿಮಿಷಕ್ಕೆ 800 ಹೊಲಿಗೆ ಓಡುವಾಗ ಹುಕ್ 1600 ಸುತ್ತು ತಿರುಗುತ್ತದೆ, ಲೋಹದ ಕಾಲುವೆಯೊಳಗೆ ಲೋಹ. ದಿನಾ ಬೆಳಿಗ್ಗೆ ಒಂದು ತೊಟ್ಟು, ತಿಳಿಯಾದ ಹೊಲಿಗೆ ಮಷೀನಿನ ಎಣ್ಣೆ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಅದು ಹೆಪ್ಪುಗಟ್ಟುವುದನ್ನು ದಿನವೂ ನೋಡುವ ನಾವೇ ಅದನ್ನು ಹುಕ್ಕಿಗೆ ಬಿಡುವುದೇ? ಎಣ್ಣೆ ಬಿಟ್ಟ ಮೇಲೆ ಮೊದಲ ಎರಡು ನಿಮಿಷ ಹಳೆಯ ಬಟ್ಟೆಯ ಮೇಲೆ ಓಡಿಸಿ. ಹೆಚ್ಚಿನ ಎಣ್ಣೆ ಚಿಮ್ಮುವುದಿದ್ದರೆ ಅಲ್ಲೇ ಚಿಮ್ಮಲಿ, ಗಿರಾಕಿಯ ರೇಷ್ಮೆ ಬ್ಲೌಸಿನ ಮೇಲೆ ಬೇಡ.