ಅಮ್ಮಿಯ ಬಚ್ಚಲಿಗೆ ಯಾರ ಹಣ?

(ದಾವಣಗೆರೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಇರಲಿ.



ಕಳೆದ ವಾರ ಇಶಾ ನಮಾಝಿನ ನಂತರ ಹರಿಹರದ ಯುವಕನೊಬ್ಬ ಬಂದು ಕುಳಿತ. ಅವನ ಅಮ್ಮಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮುಗಿದು ಮನೆಗೆ ಬಂದಿದ್ದಾರೆ. ಆದರೆ ಮನೆಯ ಕಕ್ಕಸು ಕುಕ್ಕರಗಾಲಲ್ಲಿ ಕೂರುವಂಥದ್ದು, ಬಾಗಿಲಿಗೆ ಎತ್ತರದ ಹೊಸ್ತಿಲು, ನೆಲಕ್ಕೆ ನುಣುಪಾದ ಟೈಲ್ಸ್. ಮಗ ಕೆಲಸಕ್ಕೆ ಹೋದರೆ ಕರೆದೊಯ್ಯುವವರಿಲ್ಲ ಎಂದು ಆ ತಾಯಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. “ಹಜ್ರತ್, ಝಕಾತ್ ಹಣ ಸ್ವಲ್ಪ ಉಳಿದಿದೆ. ಅದರಲ್ಲಿ ಕಮೋಡ್ ಹಾಕಿಸಲೇ?” ಎಂದು ಕೇಳಿದ.

ಆಗದು ಎಂದೆ. ತಂದೆ-ತಾಯಿ, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳಿಗೆ ನಮ್ಮ ಝಕಾತ್ ಸಲ್ಲದು. ಅಗತ್ಯವುಳ್ಳ ಹೆತ್ತವರನ್ನು ನೋಡಿಕೊಳ್ಳುವುದು ಮೊದಲೇ ನಮ್ಮ ಮೇಲಿರುವ ಹೊಣೆ. ಆ ಹೊಣೆಯನ್ನು ಝಕಾತ್‌ನಿಂದ ತೀರಿಸಿದರೆ ನಮ್ಮ ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡಂತೆ.

ಮುಪ್ಪಿನ ಹೆತ್ತವರ ಮುಂದೆ ‘ಛೆ’ ಎಂದೂ ಅನ್ನಬಾರದೆಂದು ಬನೀ ಇಸ್ರಾಈಲ್ ಅಧ್ಯಾಯದ 23ನೇ ವಚನ ಕಲಿಸುತ್ತದೆ. ಬಾಯಲ್ಲಿ ಅನ್ನದಿದ್ದರೂ, ಅವರು ದಿನಕ್ಕೆ ಐದು ಸಲ ವುಝೂಗಾಗಿ ಗೋಡೆ ಹಿಡಿದು ತಡವರಿಸುವುದನ್ನು ನೋಡಿಯೂ ಸುಮ್ಮನಿದ್ದರೆ ಅದೇನು? ಹೆತ್ತವರನ್ನು ಮುಪ್ಪಿನಲ್ಲಿ ಪಡೆದೂ ಸ್ವರ್ಗ ಗಳಿಸದವನ ವಿರುದ್ಧ ಜಿಬ್ರೀಲ್(ಅ) ಪ್ರಾರ್ಥಿಸಿದಾಗ ಪ್ರವಾದಿ(ಸ) ಮಿಂಬರಿನ ಮೇಲೆ ಆಮೀನ್ ಎಂದರು. ನೆನಪಿರಲಿ.

ಹಾಗಾದರೆ ಹಣ ಎಲ್ಲಿಂದ? ಮೊದಲು ಮನೆಯಿಂದಲೇ. ಅಣ್ಣ-ತಮ್ಮ, ಅಕ್ಕ-ತಂಗಿಯರು ಒಟ್ಟಿಗೆ ಕುಳಿತು ಪಾಲು ಹಾಕಿಕೊಳ್ಳಿ. ಹೆತ್ತವರನ್ನು ತಿಂಗಳಿಗೊಂದು ಮನೆಗೆ ಸಾಗಿಸುವುದಕ್ಕಿಂತ, ಅವರು ಬಾಳಿದ ಮನೆಯಲ್ಲೇ ಗೋಡೆಗೊಂದು ಗಟ್ಟಿ ಹಿಡಿಕೆ, ನಲ್ಲಿಯ ಬಳಿ ಸ್ಟೂಲು, ರಾತ್ರಿಗೊಂದು ದೀಪ ಹಾಕಿಸುವುದು ಮೇಲು. ಮದುವೆಯ ಊಟದಲ್ಲಿ ಒಂದು ಬಗೆ ಕಡಿಮೆ ಮಾಡಿದರೆ ಈ ಖರ್ಚು ಹುಟ್ಟುತ್ತದೆ.

ಸಾಲದಿದ್ದರೆ ಕರ್ಝೆ ಹಸನ ಕೇಳಿ. ಬಡ್ಡಿಯ ಬಾಗಿಲಿಗೆ ಹೋಗಬೇಡಿ. ಸಾಲವನ್ನು ಬರೆದಿಡಿ. ಕೊಟ್ಟವರು, ತೀರಿಸಲು ಕಷ್ಟವಾದವನಿಗೆ ಸಮಯ ಕೊಡಿ. ಇವೆರಡೂ ಅಲ್‌ಬಕರ ಅಧ್ಯಾಯದ ಆದೇಶಗಳು.

ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಆಯುಷ್ಯ ಕಳೆದು ಈಗ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಹಿರಿಯರೂ ನಮ್ಮ ಮಹಲ್ಲಾಗಳಲ್ಲಿದ್ದಾರೆ. ಅಂಥ ಬಡವರಿಗೆ ಉಳ್ಳವರ ಝಕಾತ್ ಸಲ್ಲುತ್ತದೆ. ಬಡ ಚಿಕ್ಕಪ್ಪ, ಸೋದರತ್ತೆ, ಹೆಂಡತಿಯ ತಂದೆ-ತಾಯಿಗೂ ಕೊಡಬಹುದು. ಹಣ ಅವರ ಕೈ ಸೇರಿ ಅವರ ಸ್ವತ್ತಾಗಬೇಕು. ಆಮೇಲೆ ಅವರು ಹೇಳಿದಂತೆ ಮೇಸ್ತ್ರಿಯನ್ನು ಕರೆತನ್ನಿ. ಮನೆ ಮಾಲೀಕರೇ, ಒಂದು ಹಿಡಿಕೆ ಕೂರಿಸಲು ಗೋಡೆಗೆ ತೂತು ಕೊರೆಯಲು ಒಪ್ಪಿಗೆ ಕೊಡಿ, ಅದೂ ಸದಕಾ. ಗಾರೆ, ಪ್ಲಂಬಿಂಗ್ ಬಲ್ಲ ಯುವಕರೇ, ಅರ್ಧ ದಿನದ ದುಡಿಮೆ ಕೊಡಿ.

ಸರಕಾರದಲ್ಲಿರುವ ಹಕ್ಕನ್ನೂ ಬಿಡಬೇಡಿ. ರಾಷ್ಟ್ರೀಯ ವಯೋಶ್ರೀ ಯೋಜನೆ ಬಚ್ಚಲು ಕಟ್ಟಿಸಿಕೊಡುವುದಿಲ್ಲ. ಆದರೆ 60 ದಾಟಿದ ಬಿಪಿಎಲ್ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಯಂಥ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂ. ಇದೆ; ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಮಾಹಿತಿ ಬೇಕಾದರೆ ಹಿರಿಯರ ಸಹಾಯವಾಣಿ 14567. ಹೆತ್ತವರನ್ನು ಕೈಬಿಟ್ಟ ಮಕ್ಕಳಿಂದ ಜೀವನಾಂಶ ಕೊಡಿಸುವ 2007ರ ಕಾಯ್ದೆಯೂ ಇದೆ. ನಮ್ಮ ಯಾವ ತಾಯಿಯೂ ಆ ಮೆಟ್ಟಿಲು ಹತ್ತುವಂತಾಗದಿರಲಿ.

ಆ ಯುವಕ ತನ್ನ ಸಂಪಾದನೆಯಿಂದ ಅರ್ಧ ಹಾಕಿದ, ಉಳಿದದ್ದನ್ನು ಅಕ್ಕ ಮತ್ತು ಭಾವ ಕೊಟ್ಟರು. ಝಕಾತ್ ಬೀದಿಯ ಕೊನೆಯ ಮನೆಯ ವಿಧವೆಗೆ ಹೋಯಿತು.

ಇಂದು ಮನೆಗೆ ಹೋದ ಕೂಡಲೇ ಅಬ್ಬಾ-ಅಮ್ಮಿಯ ಬಚ್ಚಲಿಗೆ ಒಮ್ಮೆ ಬರಿಗಾಲಲ್ಲಿ ಹೋಗಿ ನಿಂತು ನೋಡಿ. ಅಲ್ಲಾಹನು ನಮ್ಮ ಹೆತ್ತವರಿಗೆ ಕರುಣೆ ತೋರಲಿ, ಅವರ ಸೇವೆಯ ಭಾಗ್ಯವನ್ನು ನಮಗೆ ನೀಡಲಿ. ಆಮೀನ್.